ಸ್ವಲೀನತೆಯುಳ್ಳ ಎಳೆಯ ಮಕ್ಕಳ ಪಾಲನೆ ಮತ್ತು ಶಿಕ್ಷಣ

ಎರಡು ವರ್ಷ ತುಂಬಿದರೂ ಮಗುವಿಗೆ ಮಾತು ಬಾರದಿದ್ದಾಗ, “ಇವನ ಅಪ್ಪನೂ ತಡವಾಗಿಯೇ ಮಾತು ಕಲಿತವನು, ಸ್ವಲ್ಪ ಕಾಯಿರಿ” ಎಂದು ಹಿರಿಯರು ಸಮಾಧಾನ ಹೇಳುವುದು ನಮ್ಮ ಕುಟುಂಬಗಳಲ್ಲಿ ವಾಡಿಕೆ. ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಈ ಸಮಾಧಾನಕ್ಕೆ ಮತ್ತೊಂದು ಕಾರಣವೂ ಸೇರಿಕೊಳ್ಳುತ್ತದೆ. ಮನೆಯಲ್ಲಿ ಕನ್ನಡ ಅಥವಾ ತುಳು, ನೆರೆಹೊರೆಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ, ಬಾಲವಾಡಿಯಲ್ಲಿ ಇಂಗ್ಲಿಷ್ ಇರುವುದರಿಂದ ಮಗು ಗೊಂದಲಕ್ಕೆ ಒಳಗಾಗಿದೆ ಎಂದು ಭಾವಿಸಲಾಗುತ್ತದೆ. ಹೀಗೆ ಕಾಯುತ್ತಾ ಕಳೆದ ಕಾಲವೇ ಮಗುವಿನ ಕಲಿಕೆಗೆ ಅತ್ಯಮೂಲ್ಯವಾದ ಕಾಲವಾಗಿರುವ ಸಂಭವವುಂಟು. ತಡವಾದ ಮಾತಿನ ಹಿಂದೆ ಸ್ವಲೀನತೆ ಇರಬಹುದೇ ಎಂಬುದನ್ನು ಬೇಗನೆ ಅರಿತು, ಕಲಿಸುವ ಕಾರ್ಯವನ್ನು ಮನೆಯಲ್ಲಿ, ಮನೆಮಾತಿನಲ್ಲಿಯೇ ಆರಂಭಿಸುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸ್ವಲೀನತೆ ಎಂದರೇನು?

ಆಟಿಸಂ ಎಂಬುದಕ್ಕೆ ಕನ್ನಡದಲ್ಲಿ ಸ್ವಲೀನತೆ ಎಂಬ ಪದ ಬಳಕೆಯಲ್ಲಿದೆ. ಮಹಾರಾಷ್ಟ್ರದ ಆಸ್ಪತ್ರೆ ಹಾಗೂ ಶಾಲೆಗಳ ಫಲಕಗಳಲ್ಲಿ ಕಾಣುವ ‘ಸ್ವಮಗ್ನತಾ’ ಎಂಬ ಮರಾಠಿ ಪದವೂ ಇದನ್ನೇ ಸೂಚಿಸುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರು 1943ರಲ್ಲಿ 11 ಮಕ್ಕಳ ವರ್ತನೆಯನ್ನು ವಿವರಿಸಿ ಬರೆದ ಪ್ರಬಂಧದಿಂದ ಈ ಸ್ಥಿತಿಯು ವೈದ್ಯಲೋಕದ ಗಮನ ಸೆಳೆಯಿತು. ಇದು ಸೋಂಕಿನಿಂದ ಬರುವ ರೋಗವಲ್ಲ. ಮೆದುಳು ಬೆಳೆಯುವ ಬಗೆಯಲ್ಲಿನ ಭಿನ್ನತೆ. ಇತರರೊಡನೆ ಬೆರೆಯುವುದು, ತನ್ನ ಮನಸ್ಸಿನಲ್ಲಿರುವುದನ್ನು ತಿಳಿಸುವುದು ಇಂತಹ ಮಕ್ಕಳಿಗೆ ಕಷ್ಟವಾಗುತ್ತದೆ. ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವುದು, ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ಅತ್ಯಲ್ಪವಾಗಿ ಪ್ರತಿಕ್ರಿಯಿಸುವುದು ಕಂಡುಬರುತ್ತದೆ. ಇದರ ತೀವ್ರತೆ ಮಗುವಿನಿಂದ ಮಗುವಿಗೆ ಬೇರೆಯಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಮಂದಿಯಲ್ಲಿ ಒಬ್ಬರಿಗೆ ಸ್ವಲೀನತೆ ಇತ್ತು.

ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂಬ ವಾದವೊಂದು ಕಳೆದ ಶತಮಾನದ ನಡುಭಾಗದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿತ್ತು. ಅದು ಸಂಪೂರ್ಣ ನಿರಾಧಾರವೆಂದು ಸಿದ್ಧವಾಗಿದೆ. ತಾಯಿ ಉದ್ಯೋಗಕ್ಕೆ ಹೋಗುವುದಾಗಲಿ, ಲಸಿಕೆಯಾಗಲಿ ಇದಕ್ಕೆ ಕಾರಣವಲ್ಲ. ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದ 1998ರ ಪ್ರಬಂಧವನ್ನು ಅದನ್ನು ಪ್ರಕಟಿಸಿದ್ದ ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಗಮನಿಸಬೇಕಾದ ಲಕ್ಷಣಗಳು

ತಾಯಿತಂದೆಯರು ಈ ಕೆಳಗಿನ ಅಂಶಗಳತ್ತ ಗಮನ ಹರಿಸಬೇಕು:

1. ಒಂದು ವರ್ಷವಾದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡದಿರುವುದು.
2. ಒಂದೂವರೆ ವರ್ಷವಾದರೂ ಬೇಕಾದ ವಸ್ತುವನ್ನು ಬೆರಳು ತೋರಿಸಿ ಕೇಳದೆ, ದೊಡ್ಡವರ ಕೈ ಹಿಡಿದು ಎಳೆದೊಯ್ಯುವುದು.
3. ಎರಡು ವರ್ಷವಾದರೂ ‘ಅಮ್ಮ ಬಾ’, ‘ಹಾಲು ಬೇಡ’ ಎಂಬಂತಹ ಎರಡು ಪದಗಳ ಮಾತನ್ನು ತಾನಾಗಿ ಆಡದಿರುವುದು.
4. ಆಟದ ಮೋಟಾರನ್ನು ಓಡಿಸದೆ, ಅದರ ಗಾಲಿಯನ್ನು ಮಾತ್ರ ಬಹಳ ಹೊತ್ತು ತಿರುಗಿಸುತ್ತಿರುವುದು.
5. ಯಾವ ವಯಸ್ಸಿನಲ್ಲಿಯೇ ಆಗಲಿ, ಬಂದಿದ್ದ ಮಾತು ನಿಂತುಹೋಗುವುದು.

ಇವುಗಳಲ್ಲಿ ಒಂದೆರಡು ಕಂಡ ಮಾತ್ರಕ್ಕೆ ಸ್ವಲೀನತೆ ಇದೆಯೆಂದು ನಿರ್ಣಯಿಸಲಾಗದು. ಆದರೆ ತಪಾಸಣೆಗೆ ಅಷ್ಟೇ ಸಾಕು. ಮೊದಲಿಗೆ ಮಗುವಿನ ಶ್ರವಣ ಪರೀಕ್ಷೆ ಮಾಡಿಸುವುದು ಅವಶ್ಯಕ. ಕಿವಿ ಕೇಳಿಸದ ಮಗುವೂ ಕರೆಗೆ ಓಗೊಡುವುದಿಲ್ಲ.

ತಪಾಸಣೆ ಮತ್ತು ನೆರವು ದೊರೆಯುವ ಸ್ಥಳಗಳು

ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗಾಗಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿದ್ದು 2013ರ ಫೆಬ್ರುವರಿ 6ರಂದು, ಅಂದು ಥಾಣೆ ಜಿಲ್ಲೆಗೆ ಸೇರಿದ್ದ ಪಾಲಘರ್‌ನಲ್ಲಿ. ಬೆಳವಣಿಗೆಯ ಕುಂಠಿತಗಳನ್ನು ಗುರುತಿಸುವುದು ಇದರ ಉದ್ದೇಶಗಳಲ್ಲಿ ಒಂದು. ಸ್ವಲೀನತೆಯೂ ಅದರಲ್ಲಿ ಸೇರಿದೆ. ಆದರೆ ಇದರ ಸಂಚಾರಿ ತಂಡಗಳು ತಪಾಸಣೆ ನಡೆಸುವುದು ಅಂಗನವಾಡಿಗಳಲ್ಲಿ ಮತ್ತು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ. ಮಗುವನ್ನು ಖಾಸಗಿ ಬಾಲವಾಡಿಗೆ ಕಳುಹಿಸುವ ಅಥವಾ ಮನೆಯಲ್ಲಿಯೇ ಇರಿಸಿಕೊಂಡಿರುವ ಕುಟುಂಬಗಳು ತಂಡದ ಬರವಿಗಾಗಿ ಕಾಯದೆ, ತಾವಾಗಿಯೇ ಮಕ್ಕಳ ತಜ್ಞರನ್ನು ಅಥವಾ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬೇಕು.

ನವಿಮುಂಬಯಿಯ ಖಾರ್ಘರ್‌ನಲ್ಲಿ, ಸಿಕಂದರಾಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ಬೌದ್ಧಿಕ ವಿಕಲಚೇತನರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಸ್ವಲೀನತೆಯ ಪ್ರಮಾಣವನ್ನು ಅಳೆಯಲು ನಮ್ಮ ದೇಶದಲ್ಲಿ ಬಳಸುವ 40 ಅಂಶಗಳ ಭಾರತೀಯ ಮಾಪನವನ್ನು ರೂಪಿಸಿದ್ದು ಇದೇ ಸಂಸ್ಥೆ. ವಾಶಿಯಲ್ಲಿ ನವಿಮುಂಬಯಿ ಮಹಾನಗರಪಾಲಿಕೆಯ ಇ.ಟಿ.ಸಿ. ಕೇಂದ್ರವೂ, ಥಾಣೆಯಲ್ಲಿ ಅಲ್ಲಿನ ಪಾಲಿಕೆಯ ‘ಜಿದ್ದ್’ ವಿಶೇಷ ಶಾಲೆಯೂ ಇವೆ. ಊರಿಗೆ ಹೋಗಿಬರುವವರು ಕನ್ನಡದಲ್ಲಿಯೇ ಸಲಹೆ ಪಡೆಯಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳನ್ನು ಆಶ್ರಯಿಸಬಹುದು.

ಯಾವ ಭಾಷೆಯಲ್ಲಿ ಮಾತನಾಡಬೇಕು?

ಹೊರನಾಡಿನಲ್ಲಿರುವ ತಾಯಿತಂದೆಯರನ್ನು ಬಹುವಾಗಿ ಕಾಡುವ ಪ್ರಶ್ನೆ ಇದು. “ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದನ್ನೇ ಬಳಸಿ” ಎಂಬ ಸಲಹೆಯನ್ನು ಅನೇಕರು ಕೇಳಿರುತ್ತಾರೆ. ಎರಡು ಭಾಷೆಗಳನ್ನು ಕೇಳುತ್ತಾ ಬೆಳೆದ ಸ್ವಲೀನ ಮಕ್ಕಳನ್ನು ಒಂದೇ ಭಾಷೆಯಲ್ಲಿ ಬೆಳೆದ ಸ್ವಲೀನ ಮಕ್ಕಳೊಡನೆ ಹೋಲಿಸಿದ ಸಂಶೋಧನೆಗಳಲ್ಲಿ, ಎರಡು ಭಾಷೆಗಳಿಂದ ಮಾತಿನ ಬೆಳವಣಿಗೆಗೆ ಹಾನಿಯಾಗುತ್ತದೆಂಬುದಕ್ಕೆ ಆಧಾರ ದೊರೆತಿಲ್ಲ. ಬಹುಭಾಷೆಯ ಪರಿಸರವು ಸ್ವಲೀನತೆಯನ್ನು ಉಂಟುಮಾಡುವುದೂ ಇಲ್ಲ.

ಮನೆಮಾತನ್ನು ಕೈಬಿಟ್ಟರೆ ಆಗುವ ನಷ್ಟವಾದರೋ ಸ್ಪಷ್ಟವಾದುದು. ತಾಯಿಗೆ ಸರಾಗವಾಗಿ ಬಾರದ ಭಾಷೆಯಲ್ಲಿ ಮುದ್ದು, ಹಾಡು, ಗದರಿಕೆ, ತಮಾಷೆ ಯಾವುದೂ ಸಹಜವಾಗಿ ಹೊಮ್ಮುವುದಿಲ್ಲ. ಮಾತು ಕಡಿಮೆಯಾಗಿ, ಆಜ್ಞೆಗಳಷ್ಟೇ ಉಳಿಯುತ್ತವೆ. ಊರಿನಿಂದ ಬಂದ ಅಜ್ಜಿ ಮೊಮ್ಮಗುವಿನೊಡನೆ ಮೌನವಾಗಬೇಕಾಗುತ್ತದೆ. ಸಂಪರ್ಕವೇ ಕಷ್ಟವಾಗಿರುವ ಮಗುವಿನಿಂದ ಸಂಪರ್ಕದ ಒಂದು ಬಾಗಿಲನ್ನು ನಾವೇ ಮುಚ್ಚಿದಂತಾಗುತ್ತದೆ. ಆದುದರಿಂದ ಮನೆಯವರಿಗೆ ಯಾವ ಭಾಷೆ ಹೃದಯಕ್ಕೆ ಹತ್ತಿರವೋ ಅದರಲ್ಲಿಯೇ ಮಗುವಿನೊಡನೆ ಮಾತನಾಡಬೇಕು. ಶಾಲೆಯ ಭಾಷೆಯಲ್ಲಿ ನಿತ್ಯ ಬೇಕಾಗುವ ಹತ್ತಾರು ಪದಗಳನ್ನು ಅದರೊಡನೆ ಕ್ರಮೇಣ ಸೇರಿಸಬಹುದು. ವಾಕ್ ಚಿಕಿತ್ಸಕರು ಮರಾಠಿ ಅಥವಾ ಹಿಂದಿಯಲ್ಲಿ ಕಲಿಸಿದ ಪಾಠವನ್ನು ಮನೆಯಲ್ಲಿ ಕನ್ನಡದಲ್ಲಿ ಮುಂದುವರಿಸುವುದರಲ್ಲಿ ಬಾಧಕವಿಲ್ಲ. ಮನೆಯಲ್ಲಿ ಬಳಸುವ ಪದಗಳ ಪಟ್ಟಿಯನ್ನು ಅವರಿಗೆ ಮೊದಲೇ ಕೊಟ್ಟಿದ್ದರೆ ಇಬ್ಬರಿಗೂ ಅನುಕೂಲ.

ಕೆಲವು ಮಕ್ಕಳು ಲೋಕಲ್ ಗಾಡಿಯ “ಪುಢೀಲ್ ಸ್ಟೇಷನ್ ಡೊಂಬಿವಲಿ” ಎಂಬ ಪ್ರಕಟಣೆಯನ್ನು ಮೂರು ಭಾಷೆಗಳಲ್ಲಿಯೂ ಒಪ್ಪಿಸುವುದುಂಟು. ಆದರೆ ನೀರು ಬೇಕೆಂದು ಕೇಳಲಾರರು. ಇದನ್ನು ಅರ್ಥಹೀನವೆಂದು ತಡೆಯಬಾರದು. ಕೇಳಿದ್ದನ್ನು ಮರುನುಡಿಯುವುದು ಅನೇಕ ಸ್ವಲೀನ ಮಕ್ಕಳಿಗೆ ಮಾತಿನ ಮೊದಲ ಮೆಟ್ಟಿಲು. ಮಗು ಪ್ರಕಟಣೆಯನ್ನು ನುಡಿದಾಗ, “ಹೌದು, ರೈಲು. ರೈಲಿನಲ್ಲಿ ಹೋಗೋಣ” ಎಂದು ಅದಕ್ಕೆ ಅರ್ಥ ಜೋಡಿಸಬೇಕು.

ಮನೆಯಲ್ಲಿ ಕಲಿಸುವ ಕ್ರಮ

ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳೊಡನೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ ತರಬೇತಿ ಪಡೆದು ತಾಯಿತಂದೆಯರಿಗೆ ಮಾರ್ಗದರ್ಶನ ನೀಡಿದರು. ಮಗುವಿನ ಗಮನ ಎಲ್ಲಿದೆಯೋ ಅದನ್ನು ಅನುಸರಿಸಿ ಸ್ಪಂದಿಸುವುದನ್ನು ತಾಯಿತಂದೆಯರು ಕಲಿತರು. ಮಕ್ಕಳು ತಾವಾಗಿ ಸಂಪರ್ಕಕ್ಕೆ ತೊಡಗುವುದೂ ಹೆಚ್ಚಿತು. ಈ ಕೆಳಗಿನ ಸರಳ ಕ್ರಮಗಳು ಅಂತಹ ವಿಧಾನಗಳಿಂದಲೇ ಬಂದಿವೆ.

ಮಗುವಿನ ಮಟ್ಟಕ್ಕೆ ಇಳಿದು, ಎದುರಿಗೆ ಕುಳಿತುಕೊಳ್ಳಿ. ಮಗು ಚಮಚ ಬಡಿಯುತ್ತಿದ್ದರೆ ನೀವೂ ಬಡಿಯಿರಿ. ಮಗು ನಿಮ್ಮತ್ತ ನೋಡಿದ ಕ್ಷಣದಲ್ಲಿ “ಟಕ್ ಟಕ್” ಎನ್ನಿರಿ. “ಇದೇನು? ಅದೇನು?” ಎಂದು ಪ್ರಶ್ನಿಸುವುದಕ್ಕಿಂತ, ಮಗು ನೋಡುತ್ತಿರುವುದನ್ನು ಒಂದೆರಡು ಪದಗಳಲ್ಲಿ ಹೇಳುವುದು ಮೇಲು. ಹೇಳಿದ ಬಳಿಕ ಕೆಲವು ಕ್ಷಣ ಸುಮ್ಮನೆ ಕಾಯಿರಿ. ಉತ್ತರಿಸಲು ಮಗುವಿಗೆ ಹೆಚ್ಚು ಸಮಯ ಬೇಕು.

ಎಲ್ಲವನ್ನೂ ಕೇಳುವ ಮೊದಲೇ ಕೊಟ್ಟುಬಿಡಬೇಡಿ. ಒಂದು ಕೈಯಲ್ಲಿ ಬಾಳೆಹಣ್ಣು, ಮತ್ತೊಂದರಲ್ಲಿ ಬಿಸ್ಕತ್ತು ಹಿಡಿದು ಆಯ್ಕೆ ಮಾಡಲು ಬಿಡಿ. ನೋಟ, ಬೆರಳು, ಧ್ವನಿ, ಇವುಗಳಲ್ಲಿ ಯಾವುದರಿಂದ ತಿಳಿಸಿದರೂ ಒಡನೆಯೇ ಕೊಟ್ಟು ಹೆಸರನ್ನು ಹೇಳಿ. ಮಾತು ಬಾರದ ಮಗು ಚಿತ್ರವನ್ನು ಕೈಗಿತ್ತು ಕೇಳುವುದನ್ನು ಕಲಿಸಬಹುದು. ಚಿತ್ರ ಬಳಸಿದರೆ ಮಾತು ಬಾರದೆಂಬ ಭಯಕ್ಕೆ ಆಧಾರವಿಲ್ಲ.

ದಿನದ ಕೆಲಸಗಳ ಚಿತ್ರಗಳನ್ನು ಗೋಡೆಯ ಮೇಲೆ ಕ್ರಮವಾಗಿ ಅಂಟಿಸಿ: ಹಲ್ಲುಜ್ಜುವುದು, ಸ್ನಾನ, ತಿಂಡಿ, ಆಟ. “ಮೊದಲು ಸ್ನಾನ, ಆಮೇಲೆ ಉಯ್ಯಾಲೆ” ಎಂದು ತೋರಿಸಿ ಹೇಳಿ. ಒಂದೇ ಕೋಣೆಯ ಮನೆಯಲ್ಲಿಯೂ ಕಲಿಕೆಗೆಂದು ಒಂದು ಮೂಲೆ, ಒಂದು ಚಾಪೆ ನಿಗದಿಪಡಿಸಬಹುದು. ದಿನಕ್ಕೆ ಹತ್ತು ನಿಮಿಷಗಳಂತೆ ಮೂರು ನಾಲ್ಕು ಬಾರಿ ಕಲಿಸುವುದು, ಒಮ್ಮೆಲೇ ಒಂದು ಗಂಟೆ ಕೂರಿಸುವುದಕ್ಕಿಂತ ಫಲಕಾರಿ.

ಕಿರುಚಾಟ ಮತ್ತು ಜನಸಂದಣಿ

ಕುಕ್ಕರಿನ ಸೀಟಿ, ಗಣೇಶೋತ್ಸವದ ಢೋಲು, ಸಂಜೆಯ ಹೊತ್ತಿನ ಪ್ಲಾಟ್‌ಫಾರಂ ಇಂತಹ ಮಗುವಿಗೆ ಅಸಹನೀಯವಾಗಿರಬಹುದು. ಆಗಿನ ಕಿರುಚಾಟವನ್ನು ಹಠವೆಂದು ದಂಡಿಸಿದರೆ ಭಯ ಇಮ್ಮಡಿಸುತ್ತದೆಯೇ ಹೊರತು ಕಲಿಕೆಯಾಗದು. ಕಿರುಚಾಟಕ್ಕೆ ಮೊದಲು ಏನಾಯಿತು, ಅನಂತರ ಏನಾಯಿತು ಎಂಬುದನ್ನು ಒಂದು ವಾರ ಬರೆದಿಟ್ಟರೆ ಕಾರಣ ಬಹುತೇಕ ಗೋಚರಿಸುತ್ತದೆ. ಮೇ ರಜೆಯಲ್ಲಿ ಊರಿಗೆ ಹೊರಡುವುದಿದ್ದರೆ ರೈಲಿನ, ಅಜ್ಜಿಯ ಮನೆಯ ಚಿತ್ರಗಳನ್ನು ಕೆಲವು ದಿನಗಳ ಮೊದಲಿನಿಂದಲೇ ತೋರಿಸಿ ಸಿದ್ಧಪಡಿಸಬೇಕು.

ಹುಸಿ ಚಿಕಿತ್ಸೆಗಳ ಬಗ್ಗೆ ಎಚ್ಚರ

ಸ್ವಲೀನತೆಯನ್ನು ‘ಗುಣಪಡಿಸುವ’ ಔಷಧ ಯಾವುದೂ ಇಲ್ಲ. ಆಕರಕೋಶ ಅಥವಾ ಸ್ಟೆಮ್ ಸೆಲ್ ಚಿಕಿತ್ಸೆಗಾಗಿ ಒಡವೆ ಮಾರಿ, ಸಾಲ ಮಾಡಿ ಲಕ್ಷಾಂತರ ರೂಪಾಯಿ ತೆರುವ ಮುನ್ನ ಒಂದು ಸಂಗತಿಯನ್ನು ತಿಳಿದಿರಬೇಕು: ಸ್ವಲೀನತೆಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯು 2022ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಹರಕೆ, ಪೂಜೆಗಳು ಮನೆಯವರ ಶ್ರದ್ಧೆಗೆ ಬಿಟ್ಟ ವಿಷಯ. ಅವುಗಳ ಕಾರಣದಿಂದ ಕಲಿಸುವ ಕಾರ್ಯ ಮಾತ್ರ ಮುಂದಕ್ಕೆ ಹೋಗಕೂಡದು.

ಕಾನೂನಿನ ರಕ್ಷಣೆ

1995ರ ಅಂಗವಿಕಲರ ಅಧಿನಿಯಮದಲ್ಲಿ ಸ್ವಲೀನತೆಗೆ ಸ್ಥಾನವಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಅದನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ತಾನು ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಅದನ್ನು ಸೇರಿಸಿತು. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಪ್ರವೇಶದಲ್ಲಿ ತಾರತಮ್ಯ ತೋರುವಂತಿಲ್ಲ. ಥಾಣೆಯಲ್ಲಿ ಪಡೆದ ಪ್ರಮಾಣಪತ್ರವು ದೇಶದಾದ್ಯಂತ ಮಾನ್ಯವಾದುದರಿಂದ, ಮುಂದೆ ಕರ್ನಾಟಕಕ್ಕೆ ಮರಳುವವರು ಹೊಸದನ್ನು ಪಡೆಯಬೇಕಾಗಿಲ್ಲ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆಯಡಿ ಒಂದು ಲಕ್ಷ ರೂಪಾಯಿಗಳವರೆಗೆ ಆರೋಗ್ಯ ವಿಮೆಯೂ ಲಭ್ಯ. ಆದರೆ ಪ್ರಮಾಣಪತ್ರ ಕೈಸೇರುವವರೆಗೆ ಕಲಿಸುವುದನ್ನು ಮುಂದೂಡಬಾರದು.

ಸಮಾಜದ ಹೊಣೆ

ಹೊರನಾಡಿನಲ್ಲಿ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ಬೆಳೆಸಿದ ಡೊಂಬಿವಲಿ ಕರ್ನಾಟಕ ಸಂಘದಂತಹ ಸಂಸ್ಥೆಗಳು ಈ ಪ್ರದೇಶದಲ್ಲಿವೆ. ತಿಂಗಳಿಗೊಮ್ಮೆ ಸ್ವಲೀನ ಮಕ್ಕಳ ತಾಯಿತಂದೆಯರು ಕನ್ನಡದಲ್ಲಿ ಕಷ್ಟಸುಖ ಹಂಚಿಕೊಳ್ಳಲು ಒಂದು ಕೊಠಡಿಯನ್ನು ಒದಗಿಸುವುದು ಇಂತಹ ಸಂಘಗಳಿಗೆ ಹೊರೆಯಾಗದು. ನೆಂಟರು ಶುಭಕಾರ್ಯಗಳಿಗೆ ಆ ಕುಟುಂಬವನ್ನು ಮಗುವಿನೊಡನೆ ಕರೆಯುವುದು, ಮಗು ಕಿವಿ ಮುಚ್ಚಿಕೊಂಡು ಓಡಿದರೆ ದುರುಗುಟ್ಟಿ ನೋಡದಿರುವುದು, ತಾಯಿಗೆ ಒಂದು ಗಂಟೆಯ ಬಿಡುವು ಕೊಡುವುದು, ಇವೆಲ್ಲವೂ ನೆರವೇ. ಸ್ವಲೀನತೆಯು ಬಾಳಿನುದ್ದಕ್ಕೂ ಇರುವಂತಹುದು. ಆದರೆ ಕಲಿಯಲಾರದ ಮಗುವಿಲ್ಲ. ಯಾವ ಮಗು ಎಷ್ಟು ಕಲಿತೀತೆಂದು ಮೊದಲೇ ಹೇಳಲಾಗದು. ಬೇಗ ಆರಂಭಿಸಿ, ದಿನವೂ ಕಲಿಸಿ, ಮಗುವಿನ ಪ್ರತಿಯೊಂದು ಸನ್ನೆಗೂ ಉತ್ತರ ಕೊಡುವುದು ಮಾತ್ರ ಪ್ರತಿ ಮನೆಯಿಂದಲೂ ಸಾಧ್ಯವಾದ ಕಾರ್ಯ.