ದಿನವಹಿಯ ಒಂದು ರೂಪಾಯಿ

ದಿನವೊಂದಕ್ಕೆ ನೂರರಲ್ಲಿ ಒಂದಂಶದಷ್ಟು ತನ್ನನ್ನು ತಾನು ತಿದ್ದಿಕೊಳ್ಳುತ್ತ ಹೋದವನು ವರ್ಷಾಂತ್ಯದ ವೇಳೆಗೆ ಮೂವತ್ತೇಳು ಪಟ್ಟು ಉತ್ತಮನಾಗಿರುತ್ತಾನೆಂಬ ಲೆಕ್ಕವನ್ನು ಈಚೆಗೆ ತರುಣರು ಬಹಳ ಉತ್ಸಾಹದಿಂದ ಹೇಳುವುದನ್ನು ಕೇಳಿದ್ದೇನೆ. ಚಕ್ರಬಡ್ಡಿಯ ಗಣಿತದಂತೆ ಅದು ನಿಜವೇ. ಮನುಷ್ಯಸ್ವಭಾವವು ಅಷ್ಟು ವಿಧೇಯವಾಗಿ ವೃದ್ಧಿಸುವುದೋ ಇಲ್ಲವೋ ಎಂಬ ಚರ್ಚೆ ನನ್ನದಲ್ಲ. ಆದರೆ ಅದೇ ಲೆಕ್ಕವನ್ನು ಹಣಕ್ಕೆ ಅನ್ವಯಿಸಿ, ದಿನಕ್ಕೆ ಶೇಕಡಾ ಒಂದರಂತೆ ಬೆಳೆಸಿಕೊಡುವೆನೆಂದು ಯಾರಾದರೂ ಬಾಗಿಲಿಗೆ ಬಂದರೆ, ಅವನನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಕಳುಹಿಸಿರೆಂದು ಓದುಗರನ್ನು ಪ್ರಾರ್ಥಿಸುತ್ತೇನೆ. ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿಗೆ, ಅಂದರೆ ಆರ್.ಡಿ.ಗೆ, 2023ರ ಅಕ್ಟೋಬರಿನಲ್ಲಿ ನಿಗದಿಯಾದ ಬಡ್ಡಿ ವರ್ಷಕ್ಕೆ ಶೇಕಡಾ 6.7, ಆ ದರದಲ್ಲಿ ಹಣವು ಇಮ್ಮಡಿಯಾಗಲು ಸುಮಾರು ಹತ್ತೂವರೆ ವರ್ಷ ಬೇಕು. ಪ್ರಾಮಾಣಿಕವಾದ ಹಣದ ನಡಿಗೆ ಇಷ್ಟು ನಿಧಾನವಾದುದರಿಂದ, ಆರಂಭದ ವರ್ಷಗಳಲ್ಲಿ ಬಡವನ ಗಂಟನ್ನು ಬೆಳೆಸುವುದು ಬಡ್ಡಿಗಿಂತ ಹೆಚ್ಚಾಗಿ ಅವನು ತಪ್ಪದೆ ಹಾಕುವ ಕಂತು.

ಈ ಸತ್ಯವನ್ನು ಆಧಾರವಾಗಿಟ್ಟುಕೊಂಡು ರೂಪುಗೊಂಡ ಏರ್ಪಾಡೊಂದು ನಮ್ಮ ನಾಡಿನಲ್ಲಿಯೇ ಹುಟ್ಟಿತು. ಉಡುಪಿಯಲ್ಲಿ 1925ರಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಇವರು ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪಮೊತ್ತವನ್ನೂ ಬ್ಯಾಂಕಿನ ಪ್ರತಿನಿಧಿಯು ಮನೆಬಾಗಿಲಿಗೆ ಬಂದು ಸ್ವೀಕರಿಸುತ್ತಿದ್ದನು. ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ಒಂದು ದಿನವೂ ಬಿಡದೆ ಕೊಟ್ಟವನಿಗೆ ವರ್ಷಕ್ಕೆ 45 ರೂಪಾಯಿಗೆ ಮಿಕ್ಕಿ ಕೂಡುತ್ತಿತ್ತು. ಬ್ಯಾಂಕಿನ ಮೆಟ್ಟಿಲನ್ನೇರಲು ಅಂಜುತ್ತಿದ್ದ ನೇಕಾರನೂ ಕೂಲಿಯವನೂ ಉಳಿತಾಯಗಾರರಾದದ್ದು ಉಪದೇಶದಿಂದಲ್ಲ, ನಿತ್ಯವೂ ಒಂದೇ ಹೊತ್ತಿಗೆ ಒಬ್ಬನು ಬಂದು ಕೈಚಾಚುತ್ತಿದ್ದುದರಿಂದ. ಅಭ್ಯಾಸವೆಂಬುದು ಸಂಕಲ್ಪಬಲದಿಂದ ನಿಲ್ಲುತ್ತದೆಂದು ನಾವು ಭಾವಿಸುತ್ತೇವೆ. ನನ್ನ ಅನುಭವದಲ್ಲಿ ಅದು ನಿಲ್ಲುವುದು ನಿಯತವಾದ ಹೊತ್ತಿನಿಂದ ಮತ್ತು ಕೇಳುವ ಮತ್ತೊಬ್ಬರಿಂದ.

ಹೊಳಲ್ಕೆರೆಯಲ್ಲಿ ಉಪಾಧ್ಯಾಯನಾಗಿ ಸೇರಿದ ಹೊಸತರಲ್ಲಿ, ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ದಿನಸಿ ಅಂಗಡಿಗೆ ದೀಪ ಹಚ್ಚುವ ಹೊತ್ತಿಗೆ ಪಿಗ್ಮಿಯವರು ಸೈಕಲ್ಲಿನಲ್ಲಿ ಬರುತ್ತಿದ್ದರು. ತಿಂಗಳ ಕೊನೆಯ ಒಂದು ಸಂಜೆ, ನಾಳೆ ಎರಡು ದಿನದ್ದನ್ನೂ ಕೂಡಿಸಿ ಕೊಡುತ್ತೇನೆಂದು ನಾನು ಹೇಳಿದುದಕ್ಕೆ ಅವರು ಕೊಟ್ಟ ಉತ್ತರ ಈಗಲೂ ನೆನಪಿನಲ್ಲಿದೆ: “ಬ್ಯಾಡ ಮೇಷ್ಟ್ರೇ, ನಾಳೀದು ನಾಳೆ ಆಗ್ಲಿ. ಇವತ್ತಿಂದು ಒಂದೇ ರೂಪಾಯಿ ಆದ್ರೂ ಇವತ್ತೇ ಬರಿಸ್ಕೊಳ್ರಿ.” ಒಂದು ರೂಪಾಯಿಯಿಂದ ಅವರಿಗೆ ದೊರೆಯುತ್ತಿದ್ದ ಕಮಿಷನ್ನಾದರೂ ಎಷ್ಟು? ಆದರೂ ಪಿಗ್ಮಿ ಪುಸ್ತಕದಲ್ಲಿ ಆ ದಿನದ ಮನೆ ಖಾಲಿಯಾಗಿ ಉಳಿಯಬಾರದೆಂಬ ಕಾಳಜಿ ಅವರದಾಗಿತ್ತು. ಒಂದು ದಿನ ತಪ್ಪಿದರೆ ನಷ್ಟವಾಗುವುದು ಆ ದಿನದ ಹಣ ಮಾತ್ರವಲ್ಲ, ಮರುದಿನ ತಪ್ಪಿಸಲು ದೊರೆಯುವ ಧೈರ್ಯವೂ ಅದರೊಡನೆ ಲೆಕ್ಕಕ್ಕೆ ಬರಬೇಕೆಂಬುದನ್ನು ಸಾವಿರಾರು ಮನೆಗಳ ಬಾಗಿಲಲ್ಲಿ ನಿಂತು ಅವರು ಅರಿತಿದ್ದರೆಂದು ತೋರುತ್ತದೆ.

ಅವರು ಬರುವ ಹೊತ್ತಿಗೇ ಅಂದಿನ ಖರ್ಚನ್ನು ದಿನವಹಿ ಪುಸ್ತಕದಲ್ಲಿ ಬರೆಯುವ ರೂಢಿಯೂ ನಮ್ಮ ಮನೆಯಲ್ಲಿ ತಾನಾಗಿ ಬೆಳೆಯಿತು. ವರ್ಷಕ್ಕೊಮ್ಮೆ ಸಂಬಳದಲ್ಲಿ ಇನ್ಕ್ರಿಮೆಂಟ್ ಬಂದ ತಿಂಗಳು ಪಿಗ್ಮಿಗೆ ದಿನಕ್ಕೊಂದು ರೂಪಾಯಿ ಹೆಚ್ಚಿಸುತ್ತಿದ್ದೆವು; ಅಷ್ಟು ಅಲ್ಪವಾದ ಏರಿಕೆ ಅಡಿಗೆಮನೆಗೆ ತಾಗುತ್ತಿರಲಿಲ್ಲ. ಹೊಸದುರ್ಗಕ್ಕೆ ವರ್ಗವಾದಾಗಿನ ಮನೆಯ ಮುಂಗಡವೂ ಮಗಳು ಚಿತ್ರದುರ್ಗದಲ್ಲಿ ಕಾಲೇಜಿಗೆ ಸೇರಿದಾಗಿನ ಶುಲ್ಕವೂ ಕೈಸಾಲವಿಲ್ಲದೆ ಸಂದದ್ದು ಈ ಗಂಟಿನಿಂದಲೇ.

ನಮ್ಮ ಸೀಮೆಯ ರೈತಬಂಧುಗಳು ಇಲ್ಲಿ ನ್ಯಾಯವಾದ ಆಕ್ಷೇಪವೊಂದನ್ನೆತ್ತುತ್ತಾರೆ: ಹೊಳಲ್ಕೆರೆ ಹೊಸದುರ್ಗಗಳ ಅಡಿಕೆಯವರಿಗೂ ಹಿರಿಯೂರಿನ ಈರುಳ್ಳಿಯವರಿಗೂ ಹಣ ಬರುವುದು ದಿನವಹಿಯಲ್ಲಲ್ಲ, ಫಸಲಿಗೊಮ್ಮೆ, ಬಂದಾಗ ಒಟ್ಟಿಗೆ ಇಟ್ಟರಾಯಿತಲ್ಲವೇ ಎಂದು. ಇದಕ್ಕೆ ಉತ್ತರವನ್ನು ನಾನು ಕಂಡುಕೊಂಡದ್ದು ಹಿರಿಯೂರಿನಲ್ಲಿದ್ದ ವರ್ಷಗಳಲ್ಲಿ, ಜನರು ಮಾರಿಕಣಿವೆಯೆಂದೇ ಕರೆಯುವ ವಾಣಿವಿಲಾಸ ಸಾಗರದ ಕಟ್ಟೆಯ ಮೇಲೆ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕಾಲದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟೆಯ ಪೂರ್ಣಮಟ್ಟ 130 ಅಡಿ. ಅದು ಮೊದಲು ಕೋಡಿ ಬಿದ್ದದ್ದು 1933ರಲ್ಲಿ; ಎರಡನೆಯ ಬಾರಿ 89 ವರ್ಷಗಳ ಅನಂತರ, 2022ರ ಸೆಪ್ಟೆಂಬರಿನಲ್ಲಿ. ನಡುವೆ ಮಳೆಯೇ ಬರಲಿಲ್ಲವೆಂದಲ್ಲ. ಒಳ್ಳೆಯ ಮಳೆಯ ನೀರೆಲ್ಲವೂ ಹಿಂದಿನ ಬರಗಾಲಗಳು ತೋಡಿಟ್ಟ ಆಳವನ್ನು ತುಂಬುವುದರಲ್ಲಿಯೇ ಮುಗಿದುಹೋಗುತ್ತಿತ್ತು. 2019ರಿಂದ ಭದ್ರೆಯ ನೀರು ಮೇಲ್ದಂಡೆ ಯೋಜನೆಯ ಮೂಲಕ ಬರತೊಡಗಿ ತಳವನ್ನು ಎತ್ತಿ ಹಿಡಿಯಿತು. ತಳ ಮೇಲಿದ್ದುದರಿಂದ 2022ರ ಮಹಾಮಳೆಯಲ್ಲಿ ನೀರು ಕೋಡಿಯವರೆಗೆ ಏರಿತು, 2025ರ ಜನವರಿಯಲ್ಲಿ ಮತ್ತೊಮ್ಮೆ ಏರಿತು. ಅಡಿಕೆಗೆ ಬೆಲೆ ಬಂದ ವರ್ಷದ ಹಣವೂ ಇಂತೆಯೇ ಹಿಂದಿನ ವರ್ಷಗಳ ಆಸ್ಪತ್ರೆ, ಗೊಬ್ಬರ, ಶಾಲೆಯ ಸಾಲಗಳ ಆಳಕ್ಕೆ ಇಳಿದುಹೋಗುವುದನ್ನು ಎಷ್ಟು ಮನೆಗಳಲ್ಲಿ ನಾನು ಕಂಡಿಲ್ಲ! ಹಾಲು, ಹೂವು, ತರಕಾರಿ, ಎಳನೀರುಗಳಿಂದ ಬರುವ ಚಿಲ್ಲರೆಯಲ್ಲಿ ದಿನಕ್ಕಿಷ್ಟೆಂದು ತೆಗೆದಿಟ್ಟವರ ಮನೆಯಲ್ಲಿ ಆ ಸಣ್ಣ ಸಾಲಗಳು ಹುಟ್ಟುವುದೇ ಇಲ್ಲವಾಗಿ, ಫಸಲಿನ ಹಣ ಫಸಲಿನ ಹಣವಾಗಿಯೇ ಉಳಿಯುತ್ತದೆ.

ಕೆಲವು ವ್ಯಾವಹಾರಿಕ ಸಂಗತಿಗಳನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ದಿನಕ್ಕೆ 20 ರೂಪಾಯಿಯಂತೆ ತಿಂಗಳಿಗೆ 600 ರೂಪಾಯಿ ಅಂಚೆಯ ಆರ್.ಡಿ.ಗೆ ಕಟ್ಟಿದರೆ 60 ಕಂತುಗಳಲ್ಲಿ ನೀವು ಹಾಕಿದ್ದು 36,000. ಮೇಲೆ ಹೇಳಿದ ದರದಲ್ಲಿ ಕೈಗೆ ಬರುವುದು ಸುಮಾರು 42,800. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ನಾಲ್ಕಕ್ಕಿಂತ ಹೆಚ್ಚು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಪಿಗ್ಮಿಗೆ ಬಡ್ಡಿ ಇದಕ್ಕಿಂತ ಸಾಮಾನ್ಯವಾಗಿ ಕಡಮೆ, ಸಂಗ್ರಾಹಕರ ಕಮಿಷನ್ ಅದರೊಳಗಿನಿಂದಲೇ ಸಲ್ಲಬೇಕಲ್ಲವೇ. ಆದುದರಿಂದ ಅಭ್ಯಾಸವನ್ನು ಪಿಗ್ಮಿಯಲ್ಲಿ ಬೆಳೆಸಿ, ಅವಧಿ ಮುಗಿದೊಡನೆ ಕೂಡಿದ ಮೊತ್ತವನ್ನು ನಿಶ್ಚಿತ ಠೇವಣಿಗೆ ದಾಟಿಸುವುದನ್ನೇ ನಾನು ಮಾಡುತ್ತ ಬಂದಿದ್ದೇನೆ. ಹಣ ಕೊಟ್ಟ ಕ್ಷಣವೇ ರಶೀದಿಯನ್ನೋ ಮೊಬೈಲಿನ ಸಂದೇಶವನ್ನೋ ನೋಡಿಕೊಳ್ಳಿ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿದಂತೆ, ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ರಕ್ಷಣೆಯಿಲ್ಲ. ಒಂದೆರಡು ಅಂಶ ಹೆಚ್ಚು ಬಡ್ಡಿಗಾಗಿ ಜೀವಮಾನದ ಗಂಟನ್ನೆಲ್ಲ ಒಂದೇ ಸಂಘದಲ್ಲಿಟ್ಟು ಕಣ್ಣೀರಿಟ್ಟವರನ್ನು ಬಲ್ಲೆನಾದುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪಿಗ್ಮಿಯವರು ಬಾರದ ಹಳ್ಳಿಗಳಲ್ಲಿ ಡೈರಿಯ ಬಟವಾಡೆಯ ದಿನವನ್ನೇ ಕಂತಿನ ದಿನವಾಗಿ ಹಿಡಿಯಬಹುದು. ತಿಂಗಳ 15ರೊಳಗೆ ತೆರೆದ ಅಂಚೆ ಖಾತೆಗೆ ಪ್ರತಿ ತಿಂಗಳೂ 15ರೊಳಗೆ ಕಂತು ಸಲ್ಲಬೇಕು. ಆಮೇಲೆ ತೆರೆದುದಕ್ಕೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಕಾಲಾವಕಾಶವುಂಟು. ನಿಮ್ಮೂರ ಬಟವಾಡೆ ಎಂದಾಗುತ್ತದೆಂಬುದನ್ನು ನೋಡಿಕೊಂಡು, ಅದಕ್ಕೆ ಹೊಂದುವ ಪಕ್ಷದಲ್ಲಿಯೇ ಖಾತೆಯನ್ನು ತೆರೆಯಿರಿ.