ಗಾಳಿಗೊಡ್ಡಿದ ತೋಟಕ್ಕೆ ಜೀವಂತ ಬೇಲಿ

ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಬಯಲುಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಆಷಾಢಮಾಸದಲ್ಲಿ ನೈಋತ್ಯ ಮಾರುತವು ಇಲ್ಲಿ ಪಡುವಣ ದಿಕ್ಕಿನಿಂದ ರಭಸವಾಗಿ ಬೀಸುತ್ತದೆ. ಮರೆಯಿಲ್ಲದ ಚಕ್ಕೋತದ ಮರದಿಂದ ತೂಕದ ಕಾಯಿಗಳು ಉದುರುವುದೂ ಬಾಳೆಯ ಎಲೆಗಳು ಸೀಳುವುದೂ ಕಡಲತೀರದ ತೋಟಗಳ ಕಷ್ಟವನ್ನೇ ಹೋಲುತ್ತವೆ. ಉಪ್ಪಿನ ತುಂತುರೊಂದು ಮಾತ್ರ ಇಲ್ಲಿಲ್ಲ.

ಇದಕ್ಕೆ ಎತ್ತರದ ಗೋಡೆಯೇ ಪರಿಹಾರವೆಂದು ತೋರಬಹುದು. ಆದರೆ ಗೋಡೆಗೆ ಬಡಿದ ಗಾಳಿಯು ಮೇಲೇರಿ ಅದನ್ನು ದಾಟುತ್ತದೆ. ಹಿಂಬದಿಯಲ್ಲಿ ಒತ್ತಡವು ಕುಗ್ಗಿರುವುದರಿಂದ ಬೇಗನೆ ಕೆಳಗಿಳಿದು ಸುಳಿಸುಳಿಯಾಗಿ ಗಿಡಗಳನ್ನು ಅಲುಗಿಸುತ್ತದೆ. ಗಿಡಗಳ ಬೇಲಿಯಾದರೋ ಗಾಳಿಯ ಒಂದಂಶವನ್ನು ತನ್ನ ಸಂದುಗಳ ಮೂಲಕ ನಿಧಾನವಾಗಿ ಒಳಬಿಡುತ್ತದೆ. ಈ ಮಂದಗಾಳಿಯು ಮೆತ್ತೆಯಂತಿದ್ದು, ಮೇಲಿನ ಪ್ರವಾಹವು ಥಟ್ಟನೆ ಕೆಳಗಿಳಿಯದಂತೆ ತಡೆಯುತ್ತದೆ. ಬೇಲಿಯಲ್ಲಿ ಅರ್ಧಕ್ಕೆ ತುಸು ಕಡಮೆ ಭಾಗ ಸಂದಿದ್ದರೆ ಒಳ್ಳೆಯದು. ಆಗ ಅದರ ಎತ್ತರದ ಸುಮಾರು ಹತ್ತರಷ್ಟು ದೂರಕ್ಕೆ, ಎಂದರೆ 20 ಅಡಿಯ ಬೇಲಿಯಿಂದ 200 ಅಡಿಯವರೆಗೆ, ಪ್ರಯೋಜನಕರವಾದ ಮರೆ ದೊರೆಯುತ್ತದೆ.

ಗಾಳಿಯ ಒತ್ತಡವು ಅದರ ವೇಗದ ವರ್ಗವನ್ನು ಅನುಸರಿಸುತ್ತದೆ. ಗಂಟೆಗೆ 36 ಕಿಲೋಮೀಟರು ವೇಗವು 18ಕ್ಕೆ ಇಳಿದರೆ ಒತ್ತಡವು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದಕಾರಣ ಗಾಳಿಯನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ, ಮಂದಗೊಳಿಸಿದರೆ ಸಾಕು.

ಇನ್ನು ಗಿಡಗಳ ಆಯ್ಕೆ. ಕಾರವಾರದ ಮರಳದಂಡೆಯಲ್ಲಿ ಉಪ್ಪುಗಾಳಿಯನ್ನು ಸಹಿಸಿ ನಿಲ್ಲುವ ಗಾಳಿಮರವೇ ನಮ್ಮ ಕಡೆಯ ಸರ್ವೆ. ಅದರ ಸೂಜಿಯಂತಹ ಎಳೆಗಳ ನಡುವೆ ಗಾಳಿಯು ಸೋಸಿ ಹೋಗುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ವಾಯುವಿನ ಸಾರಜನಕವನ್ನು ಹಿಡಿದುಕೊಡುವುದರಿಂದ ಬಡಮಣ್ಣಿನಲ್ಲಿಯೂ ಬೆಳೆಯುತ್ತದೆ. ಆದರೆ ಬಲಿತಂತೆ ಅದರ ಬುಡವು ಬರಿದಾಗುವುದು. ಆ ತೆರಪಿನಲ್ಲಿ ನುಗ್ಗುವ ಗಾಳಿಯ ವೇಗ ಇನ್ನಷ್ಟು ಹೆಚ್ಚುತ್ತದೆ. ಆದುದರಿಂದ ಗಾಳಿ ಬರುವ ಮಗ್ಗುಲಲ್ಲಿ ಬಂದರಿಕೆಯ ಪೊದೆಗಳ ಸಾಲೊಂದು ಅವಶ್ಯಕ. ಮಳೆ ಕಡಮೆಯಾದರೂ ಬಂದರಿಕೆ ತಾಳಿಕೊಳ್ಳುತ್ತದೆ. ಹೊಂಗೆಯೂ ಉತ್ತಮವಾದುದೇ, ಬೇಸಿಗೆಯ ಮೊದಲಲ್ಲಿ ಎಲೆ ಉದುರಿಸಿದರೂ ಆಷಾಢದ ಹೊತ್ತಿಗೆ ಅದು ಹಸುರು ತುಂಬಿ ನಿಂತಿರುತ್ತದೆ.

ಪಡುವಣ ಗಾಳಿಗೆ ಅಡ್ಡವಾಗುವಂತೆ ಬೇಲಿಯು ತೆಂಕಣಿಂದ ಬಡಗಣಕ್ಕೆ ಸಾಗಬೇಕು. ಬೇಲಿಗೂ ಬೆಳೆಗೂ ನಡುವೆ ಆಗಾಗ್ಗೆ ಕಾಲುವೆ ತೆಗೆದರೆ ಬೇರುಗಳು ತೋಟದ ನೀರನ್ನು ಕಸಿಯಲಾರವು. ತೋಟದ ಬಾಗಿಲನ್ನು ಪಡುವಣಕ್ಕೆ ಇಡದಿರುವುದು ಲೇಸು. ಒಂದೇ ಒಂದು ತೆರಪಿದ್ದರೂ ಗಾಳಿಯು ಅಲ್ಲಿ ಒತ್ತೊತ್ತಾಗಿ ನುಗ್ಗಿ, ಎದುರಿನ ಮರವನ್ನೇ ಮೊದಲು ಘಾಸಿಗೊಳಿಸುವುದು.