ಬಾಡಿಗೆದಾರ ಜೈಲಿನಲ್ಲಿದ್ದಾಗ ಮನೆಯ ಬೀಗ ಯಾರದು?

ಬಾಡಿಗೆಗಿದ್ದವರನ್ನು ಪೊಲೀಸರು ಬಂಧಿಸಿ ಕರೆದೊಯ್ದ ಮೇಲೆ ಮನೆ ಮಾಲೀಕರು ವಕೀಲರನ್ನು ಹುಡುಕಿಕೊಂಡು ಬಂದು ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆ: ‘ಸರ್, ಬೀಗ ಒಡೆದು ಸಾಮಾನನ್ನೆಲ್ಲ ಒಂದು ಕಡೆ ಹಾಕಿ, ಬೇರೆಯವರಿಗೆ ಮನೆ ಕೊಟ್ಟುಬಿಡಬಹುದಾ?’ ಕೊಡುವಂತಿಲ್ಲ. ಬಂಧನವಾದ ಮಾತ್ರಕ್ಕೆ ಬಾಡಿಗೆ ಸಂಬಂಧ ಮುರಿಯುವುದಿಲ್ಲ. ಗುತ್ತಿಗೆ ಯಾವ ಯಾವ ರೀತಿಯಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 111ನೇ ಕಲಂ ಹೇಳುತ್ತದೆ. ಅವಧಿ ಮುಗಿಯುವುದು, ಬಾಡಿಗೆದಾರರೇ ಮನೆ ಬಿಟ್ಟುಕೊಡುವುದು, ಷರತ್ತು ಮುರಿದಾಗ ಮಾಲೀಕರು ನೋಟಿಸ್ ಕೊಟ್ಟು ರದ್ದುಮಾಡುವುದು ಎಲ್ಲವೂ ಅಲ್ಲಿವೆ. ಜೈಲು ಸೇರುವುದು ಆ ಪಟ್ಟಿಯಲ್ಲಿಲ್ಲ. ಶಿಕ್ಷೆಯಾದರೂ ಅಷ್ಟೇ, ಕರಾರು ತಾನಾಗಿ ಬಿದ್ದುಹೋಗುವುದಿಲ್ಲ.

ಇದು ಮಾಲೀಕರಿಗೆ ಅನ್ಯಾಯವೆಂದು ತೋರಬಹುದು. ಆದರೆ ಜೈಲಿನಲ್ಲಿರುವವರು ಯಾರು ಎಂದು ಒಮ್ಮೆ ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರ ಮೇಲೆ ತಪ್ಪು ಇನ್ನೂ ಸಾಬೀತಾಗಿಲ್ಲ ಎಂದಾಯಿತು. ಎರಡು ವಾರಕ್ಕೆ ಜಾಮೀನು ಪಡೆದು ಬರುವವರಿದ್ದಾರೆ, ಎರಡು ವರ್ಷದ ನಂತರ ಖುಲಾಸೆಯಾಗಿ ಬರುವವರೂ ಇದ್ದಾರೆ. ಜಾಮೀನು ಕೊಡುವಾಗ ಆರೋಪಿಗೆ ಊರಲ್ಲಿ ನೆಲೆಯಿದೆಯೇ, ಬೇರುಗಳಿವೆಯೇ ಎಂದು ನ್ಯಾಯಾಲಯ ನೋಡುತ್ತದೆ. ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲೇ ಇದನ್ನು ಹೇಳಿದೆ. ಬಾಡಿಗೆ ಮನೆಯ ವಿಳಾಸವನ್ನೂ ಕಳೆದುಕೊಂಡವರಿಗೆ ಹೊರಬರುವ ದಾರಿ ಇನ್ನಷ್ಟು ಕಿರಿದಾಗುತ್ತದೆ.

ಮನೆ ನಿಮ್ಮದೇ ಇರಬಹುದು, ಸ್ವಾಧೀನ ಮಾತ್ರ ಬಾಡಿಗೆದಾರರದು. ಅವರು ಒಳಗಿಲ್ಲದಿದ್ದರೂ ಅವರು ಹಾಕಿದ ಬೀಗ, ಒಳಗಿಟ್ಟ ಮಂಚ, ಪಾತ್ರೆ, ಬಟ್ಟೆಗಳು ಆ ಸ್ವಾಧೀನಕ್ಕೆ ಸಾಕ್ಷಿ. ನೆಲೆಯೂರಿದ ಸ್ವಾಧೀನದಲ್ಲಿರುವವರನ್ನು ಕಾನೂನಿನ ಮಾರ್ಗ ಬಿಟ್ಟು ಬಲವಂತದಿಂದ ಹೊರಹಾಕುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಕರ್ನಾಟಕದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ 2003ರಲ್ಲಿ ಸ್ಪಷ್ಟಪಡಿಸಿದೆ. ಬೀಗ ಒಡೆದರೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಮೊದಲನೆಯದು ಸಿವಿಲ್: 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ, ಹೀಗೆ ಸ್ವಾಧೀನ ಕಳೆದುಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಪಡೆಯಬಹುದು, ಅಲ್ಲಿ ‘ಮನೆ ನನ್ನ ಹೆಸರಿನಲ್ಲಿದೆ’ ಎಂಬ ವಾದಕ್ಕೆ ಬೆಲೆಯಿಲ್ಲ. ಜೈಲಿನಿಂದಲೇ ವಕಾಲತ್ತಿಗೆ ಸಹಿ ಮಾಡಿ ಈ ದಾವೆ ಹೂಡಲು ಅಡ್ಡಿಯೂ ಇಲ್ಲ. ಎರಡನೆಯದು ಕ್ರಿಮಿನಲ್: ಇನ್ನೊಬ್ಬರ ಸ್ವಾಧೀನದಲ್ಲಿರುವ ಜಾಗಕ್ಕೆ ಕೆಟ್ಟ ಉದ್ದೇಶದಿಂದ ನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅಡಿ ಅತಿಕ್ರಮ ಪ್ರವೇಶ. ಒಳಗಿನ ಟಿ.ವಿ., ಫ್ರಿಜ್ಜನ್ನು ಬಾಕಿ ಬಾಡಿಗೆಗೆಂದು ಎತ್ತಿಕೊಂಡರೆ ಕಳ್ಳತನದ ದೂರೂ ಸೇರಿಕೊಳ್ಳಬಹುದು. ಕರೆಂಟು, ನೀರು ನಿಲ್ಲಿಸುವುದೂ ಸಲ್ಲದು, ಮನೆಯಲ್ಲಿ ಹೆಂಡತಿ ಮಕ್ಕಳಿದ್ದರಂತೂ ಅದು ಕ್ರೌರ್ಯ.

ಹಾಗಾದರೆ ಮಾಲೀಕರು ಏನು ಮಾಡಬೇಕು? ಮೊದಲಿಗೆ ಬಾಡಿಗೆದಾರರು ಎಲ್ಲಿದ್ದಾರೆ ಎಂದು ಖಚಿತಪಡಿಸಿಕೊಳ್ಳಿ, ಬೀದಿಯ ಮಾತು ನಂಬಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಪ್ರಕಾರ ಪ್ರತಿ ಠಾಣೆಯಲ್ಲೂ ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪದ ಮಾಹಿತಿ ಇಟ್ಟುಕೊಳ್ಳಲು ಒಬ್ಬ ಅಧಿಕಾರಿ ಇರಬೇಕು ಮತ್ತು ಆ ಮಾಹಿತಿಯನ್ನು ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಬಂಧನದ ಸುದ್ದಿಯನ್ನು ಪೊಲೀಸರು ಆರೋಪಿಯ ಸಂಬಂಧಿಗೋ ಸ್ನೇಹಿತರಿಗೋ ತಿಳಿಸಿರುತ್ತಾರೆ. ಆ ವ್ಯಕ್ತಿ ಯಾರು ಎಂದು ತಿಳಿದುಕೊಂಡರೆ ಮುಂದಿನ ಮಾತುಕತೆಗೆ ಒಂದು ಕೊಂಡಿ ಸಿಕ್ಕಂತೆ.

ಪೊಲೀಸರು ಮನೆ ಶೋಧಿಸಲು ಬಂದರೆ ಮಾಲೀಕರನ್ನೇ ಪಂಚರಾಗಿ ಕರೆಯುವುದುಂಟು. ಹೆದರಬೇಕಾಗಿಲ್ಲ. ಶೋಧವನ್ನು ಆಡಿಯೊ, ವಿಡಿಯೊ ಚಿತ್ರೀಕರಣ ಮಾಡಬೇಕು ಎನ್ನುತ್ತದೆ ಅದೇ ಸಂಹಿತೆಯ 105ನೇ ಕಲಂ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯನ್ನು ಪೂರ್ತಿ ಓದಿಯೇ ಮಹಜರಿಗೆ ಸಹಿ ಹಾಕಿ, ಖಾಲಿ ಹಾಳೆಗೆ ಎಂದೂ ಹಾಕಬೇಡಿ. ಶೋಧ ಮುಗಿದ ಮೇಲೆ ಬಾಗಿಲಿಗೆ ಯಾರು ಬೀಗ ಹಾಕಿದರು, ಕೀಲಿ ಯಾರ ಬಳಿ ಹೋಯಿತು ಎಂಬುದನ್ನು ಮಹಜರಿನಲ್ಲೇ ಬರೆಸಿ. ನಾಳೆ ‘ನನ್ನ ಚಿನ್ನ ಇತ್ತು, ಈಗಿಲ್ಲ’ ಎಂಬ ಮಾತು ಬಂದಾಗ ನಿಮ್ಮನ್ನು ಕಾಯುವುದು ಆ ಒಂದು ಸಾಲು. ಪೊಲೀಸರು ಮನೆಯನ್ನೇ ಸೀಲ್ ಮಾಡಿದರೆ ಯಾವ ಕಾನೂನಿನ ಯಾವ ಕಲಂ ಅಡಿ ಎಂದು ಲಿಖಿತವಾಗಿ ಕೇಳಿ. ವಸ್ತುಗಳನ್ನು ವಶಪಡಿಸಿಕೊಳ್ಳುವ ಪೊಲೀಸರ ಸಾಮಾನ್ಯ ಅಧಿಕಾರ ಸ್ಥಿರಾಸ್ತಿಯನ್ನು ಜಪ್ತಿ ಮಾಡುವಷ್ಟು ದೂರ ಹೋಗುವುದಿಲ್ಲ ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 102ನೇ ಕಲಂ ಕುರಿತ ನೆವಾಡ ಪ್ರಾಪರ್ಟೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ವಿಶೇಷ ಕಾಯ್ದೆಗಳ ಮಾತು ಬೇರೆ. ಏನೇ ಆದರೂ ಆ ಸೀಲ್ ಅನ್ನು ನೀವಾಗಿ ಕೀಳಬಾರದು, ಸಂಬಂಧಪಟ್ಟ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು.

ನಲ್ಲಿ ಒಡೆದು ನೀರು ಕೆಳಗಿನ ಮನೆಗೆ ಸೋರುತ್ತಿದೆ, ಗ್ಯಾಸ್ ವಾಸನೆ ಬರುತ್ತಿದೆ, ನಾಯಿಯೋ ಬೆಕ್ಕೋ ಒಳಗೆ ಸಿಕ್ಕಿಕೊಂಡಿದೆ ಎಂದಾದರೆ ಕಾಯುತ್ತ ಕೂರಬೇಕಾಗಿಲ್ಲ. ದೊಡ್ಡ ಹಾನಿ ತಪ್ಪಿಸಲು ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ನ್ಯಾಯ ಸಂಹಿತೆಯ 19ನೇ ಕಲಂ ರಕ್ಷಣೆ ಕೊಡುತ್ತದೆ. ಠಾಣೆಗೆ ತಿಳಿಸಿ, ಅಕ್ಕಪಕ್ಕದ ಇಬ್ಬರನ್ನು ಜೊತೆಗೆ ಕರೆದುಕೊಂಡು, ಮೊಬೈಲಿನಲ್ಲಿ ವಿಡಿಯೊ ಮಾಡುತ್ತ ಒಳಗೆ ಹೋಗಿ. ಆಗಬೇಕಾದ ಕೆಲಸ ಮುಗಿಸಿ, ಮತ್ತೆ ಬೀಗ ಹಾಕಿ, ಹೊಸ ಕೀಲಿಯನ್ನು ಬಾಡಿಗೆದಾರರ ಕಡೆಯವರಿಗೆ ಕೊಟ್ಟು ರಶೀದಿ ಪಡೆಯಿರಿ.

ಇನ್ನು ಮನೆ ವಾಪಸು ಪಡೆಯುವ ದಾರಿ. ಬಹಳಷ್ಟು ಮಾಲೀಕರು ನೇರವಾಗಿ ಕೋರ್ಟಿನ ಬಗ್ಗೆ ಯೋಚಿಸಿ ಕೈಚೆಲ್ಲುತ್ತಾರೆ. ಅದಕ್ಕಿಂತ ಹತ್ತಿರದ ದಾರಿಯೊಂದಿದೆ: ಜೈಲಿನೊಳಗಿಂದ ಬರುವ ಒಂದು ಸಹಿ. ಯೋಚಿಸಿ ನೋಡಿ, ಒಳಗಿರುವವರಿಗೂ ತಿಂಗಳು ತಿಂಗಳೂ ಬಾಡಿಗೆ ಏರುತ್ತಿದೆ, ಅಡ್ವಾನ್ಸ್ ಕರಗುತ್ತಿದೆ. ಕೇಸು ಬೇಗ ಮುಗಿಯುವಂಥದ್ದಲ್ಲ ಎಂದು ಅವರ ವಕೀಲರು ಹೇಳಿದರೆ ಮನೆ ಬಿಡಲು ಅವರೇ ಮುಂದಾಗಬಹುದು. ಕೈದಿಯನ್ನು ಭೇಟಿಯಾಗಲು ಸಂಬಂಧಿಕರಿಗೆ, ಸ್ನೇಹಿತರಿಗೆ, ವಕೀಲರಿಗೆ ಅವಕಾಶವಿದೆ. ಮುಲಾಕಾತ್‌ಗೆ ಮಾಲೀಕರೇ ಹೋಗಬೇಕೆಂದೇನಿಲ್ಲ, ಬಾಡಿಗೆದಾರರ ವಕೀಲರ ಮೂಲಕ ಕಾಗದ ಕಳಿಸುವುದು ಒಳ್ಳೆಯದು. ಆ ಕಾಗದದಲ್ಲಿ ಬೆದರಿಕೆ ಬೇಡ, ಲೆಕ್ಕ ಇರಲಿ. ಬಾಡಿಗೆದಾರರು ಸಹಿ ಮಾಡಬೇಕಾದ ಪತ್ರ ಸುಮಾರು ಹೀಗಿರಬಹುದು:

‘ಇಂಥ ವಿಳಾಸದ ಮನೆಯನ್ನು ಇಂಥ ದಿನಾಂಕದ ಕರಾರಿನಂತೆ ಬಾಡಿಗೆಗೆ ಪಡೆದಿದ್ದ ನಾನು, ಈಗ ಆ ಮನೆಯ ಸ್ವಾಧೀನವನ್ನು ಯಾರ ಒತ್ತಾಯವೂ ಇಲ್ಲದೆ ಮಾಲೀಕರಿಗೆ ಬಿಟ್ಟುಕೊಡಲು ಒಪ್ಪಿದ್ದೇನೆ. ಮನೆಯಲ್ಲಿರುವ ನನ್ನ ಎಲ್ಲ ಸಾಮಾನುಗಳನ್ನು ನನ್ನ ಪರವಾಗಿ ನನ್ನ ತಂಗಿ ಪಟ್ಟಿ ಮಾಡಿ ಪಡೆದುಕೊಳ್ಳಲಿ. ಈ ದಿನದವರೆಗಿನ ಬಾಡಿಗೆ, ಕರೆಂಟು, ನೀರಿನ ಬಾಕಿಯನ್ನು ಮುಂಗಡದಲ್ಲಿ ಹಿಡಿದುಕೊಂಡು ಉಳಿದ ಹಣವನ್ನು ನನ್ನ ಈ ಬ್ಯಾಂಕ್ ಖಾತೆಗೆ ಹಾಕಬೇಕು.’

ಕೆಳಗೆ ಸಹಿ ಅಥವಾ ಹೆಬ್ಬೆಟ್ಟು, ವಕೀಲರ ಸಾಕ್ಷಿ, ಕಾರಾಗೃಹದ ಅಧಿಕಾರಿಯ ದೃಢೀಕರಣ. ವಕಾಲತ್ತುಗಳಿಗೆ ಜೈಲಿನ ಅಧಿಕಾರಿಯ ಎದುರು ಸಹಿ ಮಾಡಿಸುವುದು ದಿನನಿತ್ಯದ ರೂಢಿ, ಈ ಪತ್ರಕ್ಕೂ ಅದೇ ಮಾದರಿ ಅನುಸರಿಸಬಹುದು. ನೋಂದಾಯಿತ ಮುಖ್ತ್ಯಾರ್ ಪತ್ರವೇ ಬೇಕೆನಿಸಿದರೆ, 1908ರ ನೋಂದಣಿ ಕಾಯ್ದೆಯ 33 ಮತ್ತು 38ನೇ ಕಲಂಗಳು ಜೈಲಿನಲ್ಲಿರುವವರಿಗೆ ಉಪನೋಂದಣಿ ಕಚೇರಿಗೆ ಬರುವುದರಿಂದ ವಿನಾಯಿತಿ ಕೊಟ್ಟಿವೆ. ನೋಂದಣಿ ಅಧಿಕಾರಿ ತಾವೇ ಜೈಲಿಗೆ ಹೋಗಬಹುದು ಅಥವಾ ಕಮಿಷನ್ ಮೂಲಕ ವಿಚಾರಿಸಬಹುದು. ಈ ಅನುಕೂಲ ಕಾನೂನಿನಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಇದ್ದರೂ ಜನರ ಕಿವಿಗೆ ಬಿದ್ದಿರುವುದು ಕಡಿಮೆ.

ಸಾಮಾನು ಹೊರಹೋಗುವ ದಿನ ಪ್ರತಿ ಕೋಣೆಯ ಫೋಟೊ ತೆಗೆಯಿರಿ, ಪಟ್ಟಿಗೆ ಪಡೆದವರ ಸಹಿ ಹಾಕಿಸಿ. ಯಾರೋ ‘ನಾನು ಅವನ ಅಣ್ಣ’ ಎಂದು ಬಂದರೆಂದು ಕೀಲಿಯನ್ನೋ ಅಡ್ವಾನ್ಸನ್ನೋ ಕೊಟ್ಟುಬಿಡಬೇಡಿ. ಅಣ್ಣತಮ್ಮಂದಿರ ನಡುವೆ ಏನಿದೆಯೋ ನಿಮಗೆ ಗೊತ್ತಿರುವುದಿಲ್ಲ, ಪತ್ರದಲ್ಲಿ ಹೆಸರಿರುವವರಿಗೆ ಮಾತ್ರ ಕೊಡಿ. ಅಡ್ವಾನ್ಸ್ ಬಾಡಿಗೆದಾರರ ಹಣ ಎಂಬುದು ನೆನಪಿರಲಿ. ತಿಂಗಳಿಗೆ 15,000 ರೂಪಾಯಿ ಬಾಡಿಗೆ, ಒಂದು ಲಕ್ಷ ಮುಂಗಡ ಎಂದುಕೊಳ್ಳಿ. ಐದು ತಿಂಗಳ ಬಾಕಿ 75,000 ಹೋದರೆ ಉಳಿದ 25,000ದಲ್ಲಿ ಕರಾರಿನಲ್ಲಿ ಬರೆದಿರುವಷ್ಟೇ ಪೇಂಟಿಂಗ್ ಖರ್ಚು, ಬಾಕಿ ಬಿಲ್ಲು ಹಿಡಿಯಬಹುದು. ‘ಮನೆಗೆ ಕೆಟ್ಟ ಹೆಸರು ಬಂತು’ ಎಂದು ಮುರಿದುಕೊಳ್ಳಲು ಯಾವ ಕಾನೂನಿನಲ್ಲೂ ಅವಕಾಶವಿಲ್ಲ.

ಕುಟುಂಬ ಮನೆಯಲ್ಲೇ ಇದ್ದರೆ ವಿಷಯ ಬೇರೆಯೇ ಆಗುತ್ತದೆ. ಗಂಡ ಜೈಲಿಗೆ ಹೋದ, ಕರಾರು ಅವನ ಹೆಸರಿನಲ್ಲಿದೆ ಎಂದು ಹೆಂಡತಿ ಮಕ್ಕಳನ್ನು ಬೀದಿಗೆ ತಳ್ಳುವಂತಿಲ್ಲ. ಅವರು ಬಾಡಿಗೆ ಕೊಟ್ಟರೆ ಸ್ವೀಕರಿಸಿ, ರಶೀದಿ ಕೊಡಿ. ಗಂಡನ ಹಿಂಸೆಯ ಬಗ್ಗೆ ಹೆಂಡತಿಯೇ ದೂರು ಕೊಟ್ಟು ಅವನು ಬಂಧನದಲ್ಲಿದ್ದಾನೆ ಎಂದಾದರೆ ಇನ್ನೂ ಎಚ್ಚರ ಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ‘ಹಂಚಿಕೊಂಡ ಮನೆ’ ಎನ್ನುವಾಗ ಬಾಡಿಗೆ ಮನೆಯನ್ನೂ ಸೇರಿಸಿಕೊಂಡಿದೆ. ಅವಳಿಗೆ ಬೇರೆ ವಸತಿ ಒದಗಿಸುವಂತೆ ಅಥವಾ ಅದರ ಬಾಡಿಗೆ ಕಟ್ಟುವಂತೆ ಗಂಡನಿಗೆ ಆದೇಶಿಸಲು 19ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಇಂಥ ಹೊತ್ತಿನಲ್ಲಿ ಮಾಲೀಕರು ‘ನಮಗೆ ಪೊಲೀಸು ಗಲಾಟೆ ಬೇಡಮ್ಮ, ಮನೆ ಖಾಲಿ ಮಾಡಿ’ ಎನ್ನುವುದು ದೂರು ಕೊಟ್ಟವಳಿಗೇ ಶಿಕ್ಷೆ ವಿಧಿಸಿದಂತೆ. ಮನೆಯನ್ನು ಅವಳ ಹೆಸರಿಗೇ ಹೊಸ ಕರಾರು ಮಾಡಿಕೊಡುವುದು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯ ಪರಿಹಾರ ನನಗೆ ಕಾಣುವುದಿಲ್ಲ. ಆದರೆ ಹಳೆಯ ಕರಾರು ಮುಗಿದಿದೆಯೇ ಎಂದು ನೋಡಿಕೊಂಡು ವಕೀಲರಿಂದಲೇ ಬರೆಸಿ.

ಜೊತೆಗಿದ್ದ ಗೆಳೆಯರೂ ಕರಾರಿಗೆ ಸಹಿ ಹಾಕಿದ್ದರೆ ಅವರು ಉಳಿಯಬಹುದು, ಬಾಡಿಗೆಯ ಹೊಣೆಯೂ ಅವರ ಮೇಲೆ ಬೀಳುತ್ತದೆ. ಪಿ.ಜಿ.ಗಳಲ್ಲಿರುವವರದು ಸಾಮಾನ್ಯವಾಗಿ ಗುತ್ತಿಗೆಯಲ್ಲ, ಬರೀ ಅನುಮತಿ. ಅದನ್ನು ರದ್ದುಮಾಡುವುದು ಸುಲಭ, ಆದರೂ ಜಾಗ ಬಿಡಲು, ಸಾಮಾನು ಒಯ್ಯಲು ನ್ಯಾಯೋಚಿತ ಸಮಯ ಕೊಡಬೇಕೆಂದು 1882ರ ಅನುಭೋಗ ಹಕ್ಕುಗಳ ಕಾಯ್ದೆಯ 63ನೇ ಕಲಂ ಹೇಳುತ್ತದೆ.

ಸಹಿ ಸಿಗಲಿಲ್ಲ, ಬಾಡಿಗೆಯೂ ಇಲ್ಲ ಎಂದರೆ ಕೋರ್ಟಿನ ದಾರಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ ಇಂದಿನ ಬಹುಪಾಲು ಮನೆಗಳು ಸ್ವತ್ತು ವರ್ಗಾವಣೆ ಕಾಯ್ದೆಗೇ ಒಳಪಡುತ್ತವೆ. ಆ ಕಾಯ್ದೆಯ 106ನೇ ಕಲಂ ಪ್ರಕಾರ, ಕರಾರು ಬೇರೆ ಹೇಳದಿದ್ದರೆ, ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ಲಿಖಿತ ನೋಟಿಸ್ ಬೇಕು. ಹನ್ನೊಂದು ತಿಂಗಳ ಕರಾರಿನ ಅವಧಿ ಇನ್ನೂ ಉಳಿದಿದ್ದರೆ ಬಾಡಿಗೆ ತಪ್ಪಿದಾಗ ರದ್ದುಮಾಡುವ ಷರತ್ತು ಅದರಲ್ಲಿದೆಯೇ ಎಂದು ಮೊದಲು ನೋಡಬೇಕು. ನೋಟಿಸನ್ನು ಬೀಗ ಹಾಕಿದ ಬಾಗಿಲಿಗೆ ಮಾತ್ರ ಅಂಟಿಸಿ ಸುಮ್ಮನಾಗಬೇಡಿ. ಒಂದು ಪ್ರತಿ ಮನೆಯ ವಿಳಾಸಕ್ಕೆ, ಒಂದು ಅವರ ಊರಿನ ವಿಳಾಸಕ್ಕೆ, ಒಂದು ಕಾರಾಗೃಹದ ಅಧೀಕ್ಷಕರ ಮೂಲಕ ಅವರ ಹೆಸರಿಗೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ಅವರು ಜೈಲಿನಲ್ಲಿದ್ದಾರೆಂದು ಗೊತ್ತಿದ್ದೂ ಖಾಲಿ ಮನೆಗೆ ನೋಟಿಸ್ ಕಳಿಸಿದರೆ ಮುಂದೆ ‘ನನಗೆ ತಿಳಿದೇ ಇರಲಿಲ್ಲ’ ಎಂಬ ತಕರಾರಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ದಾವೆಯಲ್ಲೂ ಇದೇ ಎಚ್ಚರ ಬೇಕು. ಪ್ರತಿವಾದಿ ಸೆರೆಯಲ್ಲಿದ್ದರೆ ಸಮನ್ಸನ್ನು ಕಾರಾಗೃಹದ ಅಧಿಕಾರಿಗೆ ಕಳಿಸಿ, ಅವರ ಮೂಲಕ ಜಾರಿ ಮಾಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 24ನೇ ನಿಯಮ ಹೇಳುತ್ತದೆ. ಈ ಸಂಗತಿ ಮುಚ್ಚಿಟ್ಟು ಏಕಪಕ್ಷೀಯ ಡಿಕ್ರಿ ಪಡೆದರೆ ಅದು ಮುಂದೆ ರದ್ದಾಗಬಹುದು, ಅಷ್ಟು ಕಾಲವೂ ವ್ಯರ್ಥ. ಬೆಂಗಳೂರಿನಲ್ಲಿ ಇಂಥ ದಾವೆಗಳು ಸಾಮಾನ್ಯವಾಗಿ ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ಡಿಕ್ರಿಯಾದ ಮೇಲೂ ಬೀಗ ತೆಗೆಸುವುದು ಕೋರ್ಟಿನ ಅಮೀನರ ಕೆಲಸ, ಮಾಲೀಕರದಲ್ಲ. ಬಾಕಿ ಬಾಡಿಗೆ ಕೇಳಲು ಅದು ಕೊಡಬೇಕಾದ ದಿನದಿಂದ ಮೂರು ವರ್ಷಗಳ ಕಾಲಮಿತಿ ಇದೆ.

ದಾವೆಗೆ ಮುಂಚೆಯೇ ವಿಷಯವನ್ನು ಲೋಕ ಅದಾಲತ್ತಿಗೆ ಒಯ್ಯಬಹುದು. ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬಲ, ಮೇಲ್ಮನವಿಯೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವ ಯಾರಿಗಾದರೂ ಉಚಿತ ವಕೀಲರ ನೆರವು ಸಿಗುತ್ತದೆ. ಮಾಲೀಕರು ಮಹಿಳೆಯಾಗಿದ್ದರೆ ಅಥವಾ ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ಅವರಿಗೂ ಆ ಹಕ್ಕಿದೆ. ಬಾಡಿಗೆಯ ಹಣದಲ್ಲೇ ಔಷಧಿ ಕೊಳ್ಳುವ ಒಂಟಿ ಅಜ್ಜಿಯರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ಇದು ತಿಳಿದಿರಲೇಬೇಕು. ಜಿಲ್ಲಾ ನ್ಯಾಯಾಲಯದ ಆವರಣದ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಬಹುದು ಅಥವಾ 15100ಕ್ಕೆ ಕರೆ ಮಾಡಬಹುದು.

ಮುಂದಿನ ಕರಾರು ಬರೆಸುವಾಗ ಒಂದು ಸಾಲು ಸೇರಿಸಿಕೊಳ್ಳಿ: ಬಾಡಿಗೆದಾರರು ಯಾವುದೇ ಕಾರಣಕ್ಕೆ ತಿಂಗಳುಗಟ್ಟಲೆ ಮನೆಗೆ ಬರಲಾಗದಿದ್ದರೆ ಅವರ ಪರವಾಗಿ ಬಾಡಿಗೆ ಕಟ್ಟಲು, ಸಾಮಾನು ಪಡೆಯಲು, ನೋಟಿಸ್ ಸ್ವೀಕರಿಸಲು ಒಪ್ಪಿದ ಒಬ್ಬರ ಹೆಸರು, ವಿಳಾಸ, ಸಹಿ. ಆಸ್ಪತ್ರೆ ಸೇರಿದಾಗಲೂ ಅದು ಉಪಯೋಗಕ್ಕೆ ಬರುತ್ತದೆ. ‘ಬಾಡಿಗೆದಾರ ಬಂಧಿತನಾದರೆ ಮಾಲೀಕರು ಬೀಗ ಒಡೆಯಬಹುದು’ ಎಂಬ ಷರತ್ತನ್ನು ಕೆಲವು ಟೈಪಿಂಗ್ ಅಂಗಡಿಗಳಲ್ಲಿ ಸೇರಿಸಿಕೊಡಬಹುದು. ಅದನ್ನು ನಂಬಿ ಬೀಗಕ್ಕೆ ಕೈ ಹಾಕಬೇಡಿ, ಸ್ವಾಧೀನ ಬಿಡಿಸಲು ನ್ಯಾಯಾಲಯದ ಆದೇಶ ಬೇಕು ಎಂಬ ನಿಯಮವನ್ನು ಛಾಪಾ ಕಾಗದದ ಒಂದು ಸಾಲು ತೆಗೆದುಹಾಕಲಾರದು.